ಗಂಟೆ ಬಿಚ್ಚಿದ ದಿನಗಳು

"ಪರೀಕ್ಷಾ ಯಾರದು? ಮೊದಲ ಅದನ್ನ ಹೇಳು. ನನ್ನ ಮಗಳದೋ, ನಿಂದೋ?"

ಮಾರೆವ್ವ ಬಾಗಿಲಿಗೆ ಅಡ್ಡ ನಿಂತಿದ್ದಳು. ಕೈಯಲ್ಲಿ ಒಗೆದು ಹಿಂಡಿದ ಬಟ್ಟೆ. ಅದರಿಂದ ಇನ್ನೂ ನೀರು ತೊಟ್ಟಿಕ್ಕಿ ಹೊಸ್ತಿಲ ಕಲ್ಲಿನ ಮೇಲೆ ಬೀಳುತ್ತಿತ್ತು. ಬಟ್ಟೆ ಯಾರದು, ಯಾಕೆ ಒಗೆದದ್ದು ಎಂದು ಎದುರಿಗೆ ನಿಂತ ಶಿಕ್ಷಕಿ ಕಳಕಮ್ಮ ಕೇಳಬೇಕಾಗಿರಲಿಲ್ಲ.

"ಒಂದೀಟು ಒಳಗ ಕುಂತು ಮಾತಾಡೂಣು, ಮಾರೆವ್ವ."

"ಒಳಗ? ಒಳಗ ಬಂದು ಇನ್ನೇನು ಬಿಚ್ಕೊಂಡು ಹೋಗಾಕಿ? ಗಂಟಿ ಬಿಚ್ಚಿದಿ. ಹುಡುಗಿಗಿದ್ದ ಒಂದು ಮಾತು ಬಿಚ್ಕೊಂಡು ಹೋದಿ."

"ತಿರುಗಿ ಕಟ್ಟೀನಲ್ಲ..."

"ಕಟ್ಟೀದಿ. ಜಗ್ಗತಾಳೇನು? ಹೆಣಕ್ಕ ಹೂವು ಏರಿಸಿದಂಗ ಕಟ್ಟಿ ಹೋದಿ. ಓಣ್ಯಾಗಿನ ಕಾಲೇಜು ಹುಡುಗಿ ಅನುಷಾ ಹೇಳಿದ್ಲು ನಂಗ. ಅದು ಅಕ್ಕೋರ ಓದಿಂದಂತ, ಅವರು ಎಮ್ಮೆಡ್ ಪಾಸಾಗಾಕ ಮಾಡೂದಂತ. ನಾ ದಡ್ಡಿ, ಓಣಿ ತುಂಬಾ ಹೇಳ್ಕೊಂಡು ಬಂದೆ, ನನ್ನ ಮಗಳು ಪರೀಕ್ಷಾಕ್ಕ ಕುಂತಾಳಂತ!"

ಪಕ್ಕದ ಮನೆಯ ಗಿಡ್ಡ ಗೋಡೆಯಾಚೆಯಿಂದ ಮುದುಕಿ ಮೆಹಬೂಬಬೀ ತಲೆ ಎತ್ತಿದಳು. "ಬಿಡು ಬೇ ಮಾರಿ. ಸಾಲಿ ಕಲಿಸಾಕ ಬಂದಾಕಿ, ಹೆಂಗ ಬೇಕು ಹಂಗ ಅನಬ್ಯಾಡ."

"ನೀ ಸುಮ್ಕಿರು ಮೆಹಬೂಬವ್ವ. ನೀನೂ ಬರಲಿಲ್ಲ. ಗ್ವಾಡಿ ಆಚೆ ಕುಂತು ಆಕಿ ನರಳೂದು ಕೇಳಿಸ್ಕೊಂಡಿ."

"ಅಕ್ಕೋರು ಹೋಗಬ್ಯಾಡ್ರಿ ಅಂದಿದ್ರಲ್ಲ. ಹುಡುಗಿ ಪಾಸಾಗ್ಲಿ ಅಂತ ನಾ ಕಿವ್ಯಾಗ ಸೆರಗು ತುರುಕ್ಕೊಂಡು ಕುಂತಿದ್ದೆ," ಎಂದು ಮುದುಕಿ ಕಳಕಮ್ಮನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚಲೋ ಇತ್ತು.

"ನಾ ಹಂಗ ಪರೀಕ್ಷಾ ಆಕೀದು ಅಂತ ಅಂದಿಲ್ಲ," ಎಂದಳು ಕಳಕಮ್ಮ. ಮಾತು ನಿಜವೇ ಆಗಿತ್ತು. ಆಕೆ ಅಂದಿರಲಿಲ್ಲ, ಓಣಿಯವರು ಅಂದುಕೊಂಡಾಗ ಅಲ್ಲವೆಂದೂ ಹೇಳಿರಲಿಲ್ಲ.

"ಹೋಗು. ಇನ್ನ ಈ ಹೊಸ್ತಿಲಾ ತುಳಿಬ್ಯಾಡ."

ಮಾರೆವ್ವ ಇಷ್ಟು ದಿನ ಅವಳನ್ನು ಬರ್ರಿ, ಕುಂದರ್ರಿ, ಚಾ ಕುಡೀರಿ ಎನ್ನುತ್ತಿದ್ದವಳು. ಇವತ್ತು ಬೆಳಗ್ಗೆಯಿಂದ ನೀನು, ನಿಂದು. ಅದೊಂದೇ ಮಾತು ಕಳಕಮ್ಮನ ಎದೆಯಲ್ಲಿ ಮುಳ್ಳಿನಂತೆ ಚುಚ್ಚಿ ನಿಂತಿತು. ಉಳಿದ ಬೈಗುಳಗಳೆಲ್ಲ ಮೈಮೇಲಿಂದ ಹರಿದು ಹೋದವು. ಇಂಥ ಹೊತ್ತಿನಲ್ಲೂ ತನ್ನ ಮರ್ಯಾದೆಯೇ ತನಗೆ ದೊಡ್ಡದಾಯಿತಲ್ಲ ಎಂದು ಅವಳಿಗೆ ಹೇಸಿಗೆಯಾಯಿತು. ಮಾರೆವ್ವನ ತೋಳಿನ ಸಂದಿಯಿಂದ ಒಳಗಿನ ಕತ್ತಲು ಕಾಣುತ್ತಿತ್ತು. ಕತ್ತಲಲ್ಲಿ ಹಗ್ಗದ ಹೊರಸು, ಹೊರಸಿನ ಮೇಲೆ ಮಾರೆವ್ವನ ಮಗಳು ಅಮೃತಾ. ಕಳಕಮ್ಮನ ದನಿ ಕೇಳಿದರೆ ಸಾಕು ಕತ್ತು ಹೊರಳಿಸಿ, ಬಾಯಿ ತೆರೆದು, ಮೈಯೆಲ್ಲ ಕುಲುಕಿ ನಗುತ್ತಿದ್ದ ಹುಡುಗಿ. ಈಗ ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಕೊಪ್ಪಳದ ಬಸ್ಸು ಬೇವೂರಿನ ದೊಡ್ಡ ರಸ್ತೆಯಲ್ಲೇ ಸಿಕ್ಕಿತು. ಕಿಟಕಿಯ ಪಕ್ಕ ಕುಳಿತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಕಣ್ಣು ಮುಚ್ಚಿದಳು. ಚೀಲದಲ್ಲಿ ಅವಳ ಪ್ರಬಂಧವಿತ್ತು. ವಿಶೇಷ ಶಿಕ್ಷಣದ ಎಂ.ಎಡ್.ಗೆ ಕೊಡಬೇಕಾದದ್ದು, ಬೆರಳಚ್ಚಾಗಿ, ಕೊನೆಯ ಒಂದು ಗ್ರಾಫ್ ಬಿಟ್ಟು ಮುಗಿದಿದ್ದದ್ದು. ಇವತ್ತು ಗಂಗಾವತಿಯ ಅಧ್ಯಯನ ಕೇಂದ್ರದಲ್ಲಿ ಗೈಡ್ ಸಹಿ ಹಾಕಿದರೆ ಉಂಟು. ಇಲ್ಲದಿದ್ದರೆ ನೋಂದಣಿಯ ಅವಧಿ ತೀರಿ ಮಾಡಿದ್ದೆಲ್ಲ ಮಣ್ಣುಪಾಲು. ನಲವತ್ತು ದಾಟಿದ ಹೆಂಗಸು, ಯಲಬುರ್ಗಾ ತಾಲೂಕಿನ ಹಳ್ಳಿಹಳ್ಳಿ ತಿರುಗಿ, ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಯಲ್ಲೇ ಕಲಿಸುವ ಗುತ್ತಿಗೆ ಶಿಕ್ಷಕಿ. ಎಂ.ಎಡ್. ಒಂದಾದರೆ ಕೊಪ್ಪಳದ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಗುವುದಿತ್ತು. ಅವಳ ಕನಸಿನಲ್ಲಿ ಆ ಕೆಲಸ ಬೇರೇನೂ ಆಗಿರಲಿಲ್ಲ, ಕೈಯಿಟ್ಟುಕೊಳ್ಳಲು ತೋಳಿದ್ದ ಒಂದು ಕುರ್ಚಿ, ಮೇಲೊಂದು ಫ್ಯಾನು, ಬಾಗಿಲಲ್ಲಿ ಯಾರೋ "ಒಳಗ ಬರಬಹುದೇನ್ರಿ ಮೇಡಂ" ಅನ್ನುವುದು. ಗಂಡ ಸಿದ್ದಲಿಂಗೇಶ ತನ್ನ ಬೀಜದ ಅಂಗಡಿಯಲ್ಲಿ ಕುಳಿತು ಗಿರಾಕಿಗಳ ಮುಂದೆ, "ನಮ್ಮನ್ಯಾಕಿ ಮತ್ತ ಸಾಲಿಗೆ ಹೊಂಟಾಳ್ರಿ, ಪಾಟಿ ಪೆನ್ಸಿಲ್ ಕೊಡಸಬೇಕು," ಎಂದು ನಗಿಸುತ್ತಿದ್ದ. ಅವಳೂ ನಗುತ್ತಿದ್ದಳು. ನಕ್ಕು ಒಳಗೆ ಹೋಗಿ, ಹಿಟ್ಟು ನಾದುವಾಗ ಆ ಕುರ್ಚಿಯ ಮೇಲೆ ಕೂಡುತ್ತಿದ್ದಳು.

ಬಸ್ಸು ಕುಲುಕಿದಾಗೆಲ್ಲ ಎಲ್ಲೋ ಗಂಟೆ ಆಡಿದಂತೆ ಕೇಳುತ್ತಿತ್ತು. ಕಣ್ಣು ತೆರೆದರೆ ಡ್ರೈವರನ ಮುಂದೆ ತೂಗುತ್ತಿದ್ದ ದೇವರ ಪಟದ ಸರಪಳಿ. ಮತ್ತೆ ಮುಚ್ಚಿದರೆ ಗಂಟೆಯೇ. ಅದು ಎತ್ತಿನ ಕೊರಳಿನದು, ಮಾರೆವ್ವನ ಮಾವನ ಕಾಲದ್ದು. ಹಿತ್ತಾಳೆ ಒಂದು ಬದಿ ಸೀಳಿದ್ದರಿಂದ ದನಿ ನೇರವಾಗಿ ಬರದೆ, ಒಳಗೇ ಒಂದು ಸುತ್ತು ಹಾಕಿ ಆಮೇಲೆ ಹೊರಗೆ ಬರುತ್ತಿತ್ತು. ಅದನ್ನು ಹೊರಸಿನ ಮೇಲಿನ ಗೂಟಕ್ಕೆ ಕಟ್ಟಿ, ಹಳೆ ಸೀರೆಯ ಅಂಚೊಂದನ್ನು ಇಳಿಬಿಟ್ಟು, ಅಮೃತಾಳ ಎಡಗೈಗೆ ಸಡಿಲಾಗಿ ಸುತ್ತಿದವಳು ಕಳಕಮ್ಮ. ಹುಟ್ಟುವಾಗ ಉಸಿರು ತಡವಾಗಿ ಬಂದ ಕೂಸಿಗೆ ಕಾಲು ಬರಲಿಲ್ಲ, ಬಲಗೈ ಬರಲಿಲ್ಲ, ಮಾತು ಬರಲಿಲ್ಲ. ಬುದ್ಧಿ ಮಾತ್ರ ಬಂದು ಒಳಗೆ ಕುಳಿತಿತ್ತು, ಹೊರಗೆ ಬರಲು ದಾರಿ ಇಲ್ಲದೆ. ಮೈನೆರೆದ ಹುಡುಗಿ. ಹೊಟ್ಟೆ ತುಂಬಿದ್ದು, ಒತ್ತಿ ಬಂದದ್ದು ಹೇಳುವ ಬಗೆಯಿಲ್ಲದೆ ಮಲಗಿದಲ್ಲೇ ಆಗಿಹೋಗುತ್ತಿತ್ತು. ಆದ ಮೇಲೆ ಅವಳ ಕಣ್ಣು ನೋಡಬೇಕಿತ್ತು. ಏನೂ ತಿಳಿಯದವರ ಕಣ್ಣಾಗಿರಲಿಲ್ಲ ಅದು. ಕಳಕಮ್ಮ ವಾರವಾರ ಹೋಗಿ, ಹುಡುಗಿಯ ಹುಬ್ಬು ಗಂಟಿಕ್ಕುವುದನ್ನು ಕಾಯ್ದು, ಅವಳ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಸೀರೆಯಂಚು ಜಗ್ಗಿಸಿ, ಗಂಟೆ ಆಡಿದ ಕೂಡಲೇ ಇಬ್ಬರು ಹೆಂಗಸರು ಎತ್ತಿ ಹಿತ್ತಲಿಗೆ ಒಯ್ಯುವಂತೆ ರೂಢಿ ಮಾಡಿದಳು. ಆಮೇಲೆ ತನ್ನ ಹಿಡಿತವನ್ನು ಮುಂಗೈಯಿಂದ ಮೊಣಕೈಗೆ ಸರಿಸಿದಳು, ಮೊಣಕೈಯಿಂದ ಭುಜಕ್ಕೆ, ಭುಜದಿಂದ ಬರೀ ನೋಟಕ್ಕೆ. ಒಂದು ದಿನ ಅವಳು ಹೊರಗೆ ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗೆ ಗಂಟೆ ಆಡಿತು. ಯಾರೂ ಹತ್ತಿರ ಇರಲಿಲ್ಲ. ಮಾರೆವ್ವ ಒಲೆಯ ಮುಂದಿನಿಂದ ಎದ್ದು ಓಡಿದಳು, ಮೆಹಬೂಬಬೀ ಗೋಡೆ ಹತ್ತಿಯೇ ಬಂದಳು ಎಂದು ಆಮೇಲೆ ಓಣಿಯಲ್ಲಿ ಹೇಳಿಕೊಂಡು ನಕ್ಕರು. ಅವತ್ತಿನಿಂದ ಆ ಓಣಿಗೆ ಒಂದು ಹೊಸ ಕಟ್ಟಳೆ ಹುಟ್ಟಿತು. ಗಂಟೆ ಆಡಿದರೆ ಯಾರು ಹತ್ತಿರ ಇದ್ದಾರೋ ಅವರು ಹೋಗಬೇಕು. ಜಾತಿ ಇಲ್ಲ, ಜಗಳ ಇಲ್ಲ, ರೊಟ್ಟಿ ಹಂಚಿನ ಮೇಲಿದ್ದರೂ ಬಿಟ್ಟು ಹೋಗಬೇಕು. "ಅಮೃತಾ ಕರದ್ಲು," ಎನ್ನುತ್ತಿದ್ದರು. ಗಂಟೆ ಆಡಿತು ಎಂದು ಯಾರೂ ಹೇಳುತ್ತಿರಲಿಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ? ಬಸ್ಸಿನ ಕಿಟಕಿಯ ಗಾಜು ಹಣೆಗೆ ಬಡಿಯುತ್ತಿತ್ತು. ಎಂ.ಎಡ್.ನ ಭಾನುವಾರದ ತರಗತಿಗಳಲ್ಲಿ ಅವಳು ಹಿಂದಿನ ಬೆಂಚಿನಲ್ಲಿ ಕೂಡುತ್ತಿದ್ದಳು. ಮುಂದೆಲ್ಲ ಅವಳ ಮಗಳ ವಾರಿಗೆಯ ಹುಡುಗಿಯರು, ಇಂಗ್ಲಿಷಿನಲ್ಲಿ ಪಟಪಟ ಬರೆದುಕೊಳ್ಳುವವರು. ಅವಳು ಹಳ್ಳಿಯ ಸಾಲಿಯಲ್ಲಿ ಕಲಿತದ್ದು ಒಂದೇ ವಿದ್ಯೆ, ಗುರುಗಳು ಹೇಳಿದ್ದನ್ನು ಹೇಳಿದಂತೆ ಮಾಡುವುದು. ಗೈಡ್ ತಿರುಮಲೇಶ ಅವಳಿಗಿಂತ ಎಷ್ಟೋ ಚಿಕ್ಕವನು, ಕಾಲುವೆ ಸೀಮೆಯ ಹುಡುಗ, ಮೈಸೂರಿನಲ್ಲಿ ಓದಿ ಬಂದವನು. ಅವನು ಹಲಗೆಯ ಮೇಲೆ ಗೆರೆ ಎಳೆದು ವಿವರಿಸಿದ್ದ: ಮೊದಲು ಕಲಿಸುವ ಮುಂಚಿನ ಸ್ಥಿತಿ. ಗೆರೆ ಕೆಳಗೆ. ಆಮೇಲೆ ಕಲಿಸಿದಿರಿ. ಗೆರೆ ಮೇಲೆ. ಆದರೆ ಅದು ನೀವು ಕಲಿಸಿದ್ದರಿಂದಲೇ ಏರಿತು ಅನ್ನುವುದಕ್ಕೆ ಪುರಾವೆ? ಆದ್ದರಿಂದ ಕೊಟ್ಟದ್ದನ್ನು ಸ್ವಲ್ಪ ಕಾಲ ವಾಪಸ್ ತಗೊಳ್ಳಬೇಕು. ಗೆರೆ ಬೀಳಬೇಕು. ಮತ್ತೆ ಕೊಡಬೇಕು. ಮತ್ತೆ ಏರಬೇಕು. "ಬಿದ್ದರಷ್ಟ ಪುರಾವೆರಿ," ಎಂದಿದ್ದ. ಹುಡುಗಿಯರು ತಲೆದೂಗಿ ಬರೆದುಕೊಂಡರು. ಕಳಕಮ್ಮ ಕೈ ಎತ್ತಬೇಕೆಂದುಕೊಂಡಳು. ಕೇಳಬೇಕೆಂದಿದ್ದ ಮಾತು ಬಾಯಲ್ಲೇ ಇತ್ತು: ಸರ್, ಮಗು ಸುಮ್ಮನಿರುತ್ತದೆಯೇ? ಆದರೆ ಹಿಂದಿನ ವಾರ ಒಂದು ಇಂಗ್ಲಿಷ್ ಪದವನ್ನು ತಪ್ಪಾಗಿ ಓದಿದಾಗ ಮುಂದಿನ ಬೆಂಚಿನ ಬೆನ್ನುಗಳು ಸಣ್ಣಗೆ ಅಲುಗಿದ್ದವು. ಆ ಬೆನ್ನುಗಳನ್ನು ನೋಡಿ ಕೈ ಮಡಿಲಲ್ಲೇ ಉಳಿಯಿತು.

ಹಾಗೆ ಅವಳು ಗಂಟೆ ಬಿಚ್ಚಿದಳು. ಓಣಿಯ ಹೆಂಗಸರನ್ನು ಮಾರೆವ್ವನ ಮನೆಯ ಮುಂದೆ ಕೂಡಿಸಿ, ಇದೊಂದು ಪರೀಕ್ಷೆ, ಸ್ವಲ್ಪ ದಿನ ಗಂಟೆ ಇರುವುದಿಲ್ಲ, ಅವಳಾಗಿ ನರಳಿದರೂ ಯಾರೂ ಹೋಗಬಾರದು, ಮಾರೆವ್ವ ಬಟ್ಟೆ ಬದಲಿಸುವ ಹೊತ್ತಿಗೆ ಮಾತ್ರ ಬದಲಿಸಬೇಕು ಎಂದು ತಿಳಿಸಿ ಹೇಳಿದಳು. ಹೆಂಗಸರ ಮುಖಗಳು ಬೆಳಗಿದವು. ಯಾರೂ ಶಾಲೆಗೆ ಕರೆಯದ, ಹೆಸರು ಹಾಜರಿಯಲ್ಲಿದ್ದೂ ಹಾಜರಿಲ್ಲದ ಹುಡುಗಿಗೆ ಪರೀಕ್ಷೆ! ಒಬ್ಬಾಕೆ ಹಣೆಗೆ ಕುಂಕುಮ ಹಚ್ಚಿ ಹೋದಳು. ಇನ್ನೊಬ್ಬಾಕೆ, "ಪಾಸಾದ್ರ ಎಷ್ಟನೇ ಕ್ಲಾಸ ಆಕ್ಕೈತ್ರಿ ಅಕ್ಕೋರ?" ಎಂದು ಕೇಳಿದಳು. ಕಳಕಮ್ಮ ನಕ್ಕು, "ನೋಡೂಣು ಬಿಡ್ರಿ," ಎಂದಳು. ಅಷ್ಟೇ ಅವಳು ಹೇಳಿದ್ದು. ಆ ನಗು ನೆನಪಾದಾಗ ಬಸ್ಸಿನಲ್ಲಿ ಅವಳ ಕೆನ್ನೆ ಬಿಸಿಯಾಯಿತು, ಪಕ್ಕದಲ್ಲಿ ಕೂತಿದ್ದವಳು ನೋಡಿಬಿಟ್ಟಳೇನೋ ಎಂದು ಸೆರಗು ಎಳೆದುಕೊಂಡಳು.

ಕೊಪ್ಪಳದಲ್ಲಿ ಬಸ್ಸು ಬದಲಿಸಿದ್ದು, ಚಹಾ ಕುಡಿದದ್ದು, ಗಂಗಾವತಿಯ ಬಸ್ಸಿನಲ್ಲಿ ಯಾರೋ ಸರಿದು ಜಾಗ ಕೊಟ್ಟದ್ದು, ಯಾವುದೂ ಅವಳಿಗೆ ಪೂರ್ತಿ ಎಚ್ಚರದಲ್ಲಿ ಆದಂತಿರಲಿಲ್ಲ. ಹೊಲಗಳು ಒಂದರೊಳಗೊಂದು ಕರಗಿ ಹೋಗುತ್ತಿದ್ದವು. ತೊಗರಿ ಕಡ್ಡಿಯ ಕೆಂಚು ಬಣ್ಣ ತೆಳ್ಳಗಾಗಿ, ಬಂಡೆಗಳು ಬೆನ್ನು ಮಾಡಿ ಕೂತ ದನಗಳಂತೆ ಬಂದು, ಹೇಮಗುಡ್ಡ ದೂರದಲ್ಲಿ ತೇಲಿ ಹೋಗಿ, ಆಮೇಲೆ ಇದ್ದಕ್ಕಿದ್ದಂತೆ ನೀರು. ಗದ್ದೆಗಳಲ್ಲಿ ನಿಂತ ನೀರಿನೊಳಗೆ ಬಸ್ಸು ತಲೆಕೆಳಗಾಗಿ ಓಡುತ್ತಿತ್ತು. ಆ ತಲೆಕೆಳಗಾದ ಬಸ್ಸಿನ ಕಿಟಕಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಆಕೆ ಇನ್ನೂ ಬೇವೂರಿನ ಆ ಕೋಣೆಯಲ್ಲೇ ಇದ್ದಳು. ಗಂಟೆ ಬಿಚ್ಚಿದ ಮೇಲಿನ ಒಂದು ಮಧ್ಯಾಹ್ನ. ಗೂಟ ಬೋಳಾಗಿದೆ. ಹೊರಸಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾಳೆ, ತೊಡೆಯ ಮೇಲೆ ಗೀರು ಹಾಕುವ ಹಾಳೆ. ಅಮೃತಾಳ ಹುಬ್ಬು ಗಂಟಾಗುತ್ತದೆ. ಎಡಗೈ ಮೇಲೇಳುತ್ತದೆ. ಸೀರೆಯಂಚು ಇಲ್ಲ, ಆದರೂ ಬೆರಳು ಮುಚ್ಚುತ್ತವೆ, ಕೈ ಜಗ್ಗುತ್ತದೆ. ಗಾಳಿಯನ್ನು ಜಗ್ಗುತ್ತದೆ. ಇನ್ನೊಮ್ಮೆ. ಹುಡುಗಿ ಗೂಟದ ಕಡೆ ನೋಡಿ, ಆಮೇಲೆ ಕಳಕಮ್ಮನ ಕಡೆ ನೋಡುತ್ತಾಳೆ. ಅಕ್ಕೋರಿಗೆ ಗೊತ್ತಾಯಿತು, ಇನ್ನು ಎತ್ತುತ್ತಾರೆ ಎಂಬ ನಂಬಿಕೆಯಲ್ಲಿ ಬಾಯಿ ಅರ್ಧ ನಗುತ್ತದೆ. ವಿಧಾನದಲ್ಲಿ ಹೇಳಿತ್ತು, ಪ್ರತಿಕ್ರಿಯೆ ತೋರಬಾರದು. ಕಳಕಮ್ಮ ಮುಖ ತಿರುಗಿಸಿದಳು. ಗೋಡೆಯ ಮೇಲೆ ಗೊಬ್ಬರದ ಕಂಪನಿಯ ಕ್ಯಾಲೆಂಡರು, ಅದರಲ್ಲೊಂದು ಹಸಿರು ಹೊಲ. ಆ ಹೊಲವನ್ನು ನೋಡಿದಳು. ಒಂದೊಂದು ತೆನೆಯನ್ನೂ ನೋಡಿದಳು. ಹಿಂದೆ ಗಂಟಲಿನಿಂದ ಸಣ್ಣ ದನಿ ಬಂತು, ದೊಡ್ಡದಾಯಿತು, ನಿಂತಿತು. ಆಮೇಲೆ ಹೊರಸಿನ ಕೆಳಗೆ ನೆಲಕ್ಕೆ ತೊಟ್ಟಿಕ್ಕುವ ಸದ್ದು. ಅವಳು ತಿರುಗಿ, ಹಾಳೆಯ ಮೇಲೆ ಗೀರು ಹಾಕಿದಳು. ಪೆನ್ನು ಮೂಡಲಿಲ್ಲ. ಕೊಡವಿ, ಬಾಯಿಯಿಂದ ಬಿಸಿ ಉಸಿರು ಊದಿ, ಮತ್ತೆ ಹಾಕಿದಳು.

ಗೆರೆ ಬಿತ್ತು. ಪುಸ್ತಕದಲ್ಲಿ ಇದ್ದ ಹಾಗೆಯೇ ಬಿತ್ತು. ಹಾಳೆಯ ಮೇಲೆ ಅದನ್ನು ನೋಡಿದಾಗ ಅವಳಿಗೆ ಒಂದು ಕ್ಷಣ ಸಂತೋಷವಾಗಿತ್ತು ಎಂಬುದೇ ಈಗ ಎಲ್ಲಕ್ಕಿಂತ ಹೆಚ್ಚು ಸುಡುತ್ತಿತ್ತು. ನಂತರ ಗಂಟೆ ಕಟ್ಟಿದಳು. ಸೀರೆಯಂಚನ್ನು ಕೈಗೆ ಸುತ್ತಿದಳು. ಹುಡುಗಿ ಮುಷ್ಟಿ ಬಿಗಿದು ಕೈಯನ್ನು ಎದೆಗೆ ಒತ್ತಿಕೊಂಡಳು. ಬಿಡಿಸಲು ಹೋದರೆ ಇಷ್ಟು ಬಲ ಆ ಕೈಗೆ ಎಲ್ಲಿತ್ತೋ. ಒಮ್ಮೆ ಮೋಸ ಮಾಡಿದ ಗಂಟೆಯನ್ನು ಅವಳು ಇನ್ನು ಮುಟ್ಟುವಂತಿರಲಿಲ್ಲ.

ಅಧ್ಯಯನ ಕೇಂದ್ರ ಗಂಗಾವತಿಯ ಹೊರ ಅಂಚಿನಲ್ಲಿ ಒಂದು ಅಕ್ಕಿ ಗಿರಣಿಯ ಪಕ್ಕದ ಕಟ್ಟಡದ ಮಾಳಿಗೆಯ ಮೇಲಿತ್ತು. ಮೆಟ್ಟಿಲ ಮೇಲೆಲ್ಲ ತೌಡಿನ ಧೂಳು, ಬೇಯಿಸಿದ ಭತ್ತದ ವಾಸನೆ. ಕಚೇರಿಯ ಹುಡುಗಿ ಜಾಸ್ಮೀನ, "ಸರ್ ಮೀಟಿಂಗ್‌ನ್ಯಾಗ ಅದಾರ್ರಿ ಮೇಡಂ, ಕುಂದರ್ರಿ," ಎಂದು ಒಂದು ಲೋಟ ನೀರು ಕೊಟ್ಟಳು. ಕಳಕಮ್ಮ ಪೂರ್ತಿ ಕುಡಿದಳು. ಹಳ್ಳಿ ತಿರುಗುವ ಹೆಂಗಸರಿಗೆ ನೀರು ಕುಡಿಯದಿರುವುದು ಒಂದು ಅಭ್ಯಾಸ. ಇವತ್ತು ಮರೆತಳು, ಬಾಯಿ ಅಷ್ಟು ಒಣಗಿತ್ತು. ಕೊಪ್ಪಳದ ಚಹಾ, ಈ ನೀರು, ಬಹಳ ಹೊತ್ತಿನ ಕಾಯುವಿಕೆ. ಒಳಗೆ ಕರೆಯುವ ಹೊತ್ತಿಗೆ ಕಿಬ್ಬೊಟ್ಟೆ ಗಟ್ಟಿಯಾಗಿತ್ತು. ಹೆಂಗಸರ ಪಾಯಖಾನೆಗೆ ಅಲ್ಲಿ ಬೀಗ ಹಾಕಿರುತ್ತಿದ್ದರು, ಹೊರಗಿನವರು ನುಗ್ಗುತ್ತಾರೆಂದು. ಕೀಲಿ ಕೇಳಿ ತೆಗೆದುಕೊಳ್ಳಬೇಕು. ಆಮೇಲೆ ಕೇಳಿದರಾಯಿತು ಎಂದು ಒಳಗೆ ಹೋದಳು.

"ಬರ್ರಿ ಮೇಡಂ, ಬರ್ರಿ. ಮುಗೀತಲ್ರಿ ನಿಮ್ಮ ತಪಸ್ಸು," ಎಂದು ತಿರುಮಲೇಶ ಹಾಳೆಗಳನ್ನು ಎಳೆದುಕೊಂಡ. ತಿರುವುತ್ತಾ ಬಂದವನು ಗ್ರಾಫಿನ ಹತ್ತಿರ ನಿಂತ. "ವ್ಹಾ. ಇದು ಬಿದ್ದದ್ದು ನೋಡ್ರಿ, ಭಾಳ ನ್ಯಾಚುರಲ್ ಬಂದೈತಿ. ಕೊನೀದು ಎಲ್ರೀ?"

"ಕೊನೀದು ಏರಲಿಲ್ರೀ ಸರ್."

"ಏರಲಿಲ್ಲ ಅಂದ್ರ?"

"ಗಂಟಿ ತಿರುಗಿ ಕಟ್ಟಿದ್ವಿ. ಹುಡುಗಿ ಜಗ್ಗವಲ್ಲಳು. ಬಿಚ್ಚಿದ ಮ್ಯಾಲೆ ಆಕಿ ಬಿಟ್ಟೇಬಿಟ್ಟಳ್ರಿ."

ತಿರುಮಲೇಶ ತಲೆ ಎತ್ತಿ ನೋಡಿದ. ಅವನ ಮುಖದಲ್ಲಿ ಮೊದಲು ಏನೂ ಅರ್ಥವಾಗದ ಭಾವ, ಆಮೇಲೆ ಮೆಲ್ಲಗೆ ಒಂದು ಅಚ್ಚರಿ. "ಮೇಡಂ, ನಿಜವಾಗ್ಲೂ ಬಿಚ್ಚಿದ್ರೇನ್ರಿ?"

"ನೀವ ಹೇಳಿದ್ರಲ್ರಿ."

"ಅಯ್ಯ! ಹೇಳೂದು ಹೇಳ್ತೀವ್ರಿ. ಪುಸ್ತಕದಾಗ ಐತಿ, ಹೇಳಬೇಕು. ಯಾರು ಬಿಚ್ಚತಾರ್ರಿ?" ಅವನು ನಕ್ಕ. ಕೆಟ್ಟ ನಗುವಲ್ಲ, ಅಯ್ಯೋ ಪಾಪ ಎನ್ನುವಂಥ ನಗು. "ಎಲ್ಲಾರೂ ಮಗು ಕಲ್ತದ್ದು ಕಲ್ತಂಗ ಬಿಟ್ಟು, ಹಾಳಿ ಮ್ಯಾಲ ಒಂದೀಟು ಕೆಳಗ ಇಳಿಸಿ, ಒಂದೀಟು ಮ್ಯಾಲ ಏರಿಸಿ ಕುಂದ್ರಸ್ತಾರ. ನಾನೂ ಹಂಗ ಮಾಡಿದ್ದು. ನಿಮ್ಮ ಬ್ಯಾಚಿನ ಹುಡುಗ್ಯಾರು ಒಬ್ಬರೂ ಬಿಚ್ಚಿಲ್ಲ. ಅವರಿಗೆ ಹೇಳಬೇಕಂತಿಲ್ಲ, ತಾವ ತಿಳ್ಕೊಂಡಾರ."

ಫ್ಯಾನು ತಿರುಗುತ್ತಿತ್ತು. ಅದರ ಗಾಳಿ ಅವಳಿಗೆ ತಾಗುತ್ತಿರಲಿಲ್ಲ, ಅವನ ತಲೆಗೂದಲು ಮಾತ್ರ ಏಳುತ್ತಾ ಇಳಿಯುತ್ತಾ ಇತ್ತು. ತಾವೇ ತಿಳಿದುಕೊಂಡಿದ್ದಾರೆ. ತರಗತಿಯಲ್ಲಿ ತಲೆದೂಗಿ ಬರೆದುಕೊಂಡ ಆ ಹುಡುಗಿಯರು, ತಲೆದೂಗುವಾಗಲೇ ತಿಳಿದಿದ್ದರು. ಮುಂದಿನ ಬೆಂಚಿನ ಆ ಬೆನ್ನುಗಳೆಲ್ಲ ತಿಳಿದ ಬೆನ್ನುಗಳು. ಅವಳೊಬ್ಬಳು ಬೇವೂರಿಗೆ ಹೋಗಿ, ಸ್ಟೂಲು ಹತ್ತಿ, ಗೂಟದಿಂದ ಗಂಟು ಬಿಚ್ಚಿದ್ದಳು. ಅದನ್ನೊಂದು ಪ್ರಾಮಾಣಿಕತೆ ಎಂದುಕೊಂಡು ಬಿಚ್ಚಿದ್ದಳು. ಸುಳ್ಳು ಬರೆದವರು ಕಲಿಸಿದ ಮಕ್ಕಳೆಲ್ಲ ಈಗ ಕಲಿತದ್ದನ್ನು ಕಲಿತಂತೆ ಇಟ್ಟುಕೊಂಡು ಸುಖವಾಗಿದ್ದಾರೆ. ಅವಳ ತಲೆಯೊಳಗೆ ಇದು ಒಂದು ಕಡೆಯಿಂದ ನಗೆಯಾಗಿಯೂ ಒಂದು ಕಡೆಯಿಂದ ಬೆಂಕಿಯಾಗಿಯೂ ಬಂತು. ಎರಡೂ ನಡುವೆ ಎಲ್ಲೋ ಸೇರಿ ಹೊಗೆಯಾದವು. ಕೋಣೆಯ ಗೋಡೆಗಳು ದೂರ ಸರಿದವು, ತಿರುಮಲೇಶ ತುಂಬಾ ಸಣ್ಣವನಾಗಿ, ತುಂಬಾ ಹಸನಾಗಿ, ಕಾಲುವೆಯ ನೀರಿನ ತಳದಲ್ಲಿ ಕೂತವನಂತೆ ಕಂಡ. ಅವನ ತುಟಿ ಆಡುತ್ತಿದ್ದವು.

"...ಚಿಂತಿ ಮಾಡಬ್ಯಾಡ್ರಿ. ಇದನ್ನೂ ಕುಂದ್ರಸೂಣು. ಇಲ್ಲಿಂದ ಹಿಂಗ ಏರಸ್ತೀನಿ, ಒಮ್ಮಿಗೇ ಬ್ಯಾಡ, ಮಧ್ಯ ಒಂದು ಕಡೆ ತುಸು ಇಳೀಲಿ, ನಂಬಿಕಿ ಬರತೈತಿ." ಅವನು ಪೆನ್ಸಿಲ್ ತೆಗೆದುಕೊಂಡಿದ್ದ.

"ಸರ್, ಆಕಿಗೆ ಏನ್ ಮಾಡೂದ್ರಿ?"

"ಯಾರಿಗ್ರಿ?"

"ಅಮೃತಾಗ."

"ಹಾಂ, ಆಕಿಗೆ. ಬರತಾಳ್ರಿ, ನಿಧಾನ ಬರತಾಳ. ಮಕ್ಕಳ ಮನಸು ಮರೀತೈತಿ." ಅವನು ಅಳತೆಪಟ್ಟಿ ಹುಡುಕುತ್ತಿದ್ದ. "ನೀವು ಭಾಳ ಸೀದಾ ಮನಶ್ಯಾರ್ರಿ ಮೇಡಂ. ಕಾಲೇಜಿಗೆ ಹೋದ ಮ್ಯಾಲೆ ಹಿಂಗ ಇರಬ್ಯಾಡ್ರಿ."

ಕಿಬ್ಬೊಟ್ಟೆಯ ಒತ್ತಡ ಈಗ ಬೆನ್ನಿಗೆ ಹತ್ತಿತ್ತು. ಕೀಲಿ ಕೇಳಬೇಕು. ಎಷ್ಟು ಸಣ್ಣ ಮಾತು. ಸರ್, ಪಾಯಖಾನಿ ಕೀಲಿ ಎಲ್ಲೈತ್ರಿ? ಆದರೆ ಈ ಹುಡುಗನ ಮುಂದೆ, ಅವನು ತನ್ನ ಗೆರೆಯನ್ನು ಎತ್ತಿ ಉಪಕಾರ ಮಾಡುತ್ತಿರುವಾಗ, ಅದನ್ನು ಕೇಳಲಾಗಲಿಲ್ಲ. ಅವಳು ಕುರ್ಚಿಯಲ್ಲಿ ಸರಿದು ಕೂತಳು. ಕಾಲ ಮೇಲೆ ಕಾಲು ಹಾಕಿದಳು, ತೆಗೆದಳು. ಅವನು ನೋಡಿಯಾನು, ತಿಳಿದಾನು, "ಹೋಗಿ ಬರ್ರಿ ಮೇಡಂ" ಎಂದಾನು ಎಂದು ಅವನ ಮುಖವನ್ನೇ ಕಾದಳು. ಅವನು ಒಮ್ಮೆ ತಲೆ ಎತ್ತಿದ. ಅವಳ ಮುಖದಲ್ಲಿ ಅರ್ಧ ನಗು ತಾನಾಗಿಯೇ ಬಂತು. ಅವನೂ ನಕ್ಕು ಮತ್ತೆ ಹಾಳೆಗೆ ಬಗ್ಗಿದ. ಪೆನ್ಸಿಲ್ ಸರ್ರನೆ ಮೇಲಕ್ಕೆ ಹೋಯಿತು. ಕಳಕಮ್ಮನ ಹಣೆಯಲ್ಲಿ ಬೆವರು ಮೂಡಿತು. ಅಯ್ಯೋ ಕೂಸೇ, ಎಂದಳು. ಬಾಯಿ ಬಿಟ್ಟು ಅಂದಳೋ ಮನಸ್ಸಿನಲ್ಲಿ ಅಂದಳೋ ಗೊತ್ತಾಗಲಿಲ್ಲ.

"ಏನ್ರೀ?" ಎಂದ ತಿರುಮಲೇಶ.

"ಏನಿಲ್ಲ. ಇಳಸ್ರಿ ಅದನ್ನ."

"ಯಾವುದು?"

"ಆ ಗೆರಿ. ಆಕಿ ಜಗ್ಗಿಲ್ಲ. ಜಗ್ಗಿಲ್ಲ ಅಂತ ಬರೀರಿ, ಸಹಿ ಹಾಕ್ರಿ."

"ಹಂಗ ಬರದ್ರ ಪಾಸಾಗೂದಿಲ್ರಿ ಮೇಡಂ. ಅಷ್ಟ ಅಲ್ಲ, ಮಗೂಗ ಯಾಕ ಹಿಂಗ ಮಾಡಿದ್ರಿ ಅಂತ ನನ್ನ ಕುತ್ತಿಗಿಗೆ ಬರತೈತಿ. ನಾ ಸಹಿ ಹಾಕಂಗಿಲ್ಲ." ಅವನ ದನಿ ಮೊದಲ ಬಾರಿ ಬಿರುಸಾಯಿತು. ಕೂಡಲೇ ತಗ್ಗಿಸಿದ. "ಕುಂದರ್ರಿ. ಹತ್ತು ಮಿನಿಟಿನ ಕೆಲಸ."

ಅವಳು ಎದ್ದು ನಿಂತಿದ್ದಳು. ಯಾವಾಗ ಎದ್ದಳೋ.

"ಓ, ಹೋಗಿ ಬರ್ತೀರೇನ್ರಿ? ಕೀಲಿ ಜಾಸ್ಮೀನ ಹತ್ರ ಐತ್ರಿ," ಎಂದ ಅವನು, ಕೊನೆಗೂ.

ಕಳಕಮ್ಮ ಹೊರಗೆ ಬಂದಳು. ಜಾಸ್ಮೀನ ಮೇಜಿನಿಂದ ಕೀಲಿ ಎತ್ತಿ ಹಿಡಿದು, "ಮೇಡಂ, ತಗೋರಿ," ಎಂದಳು. ಆ ಕಟ್ಟಡದೊಳಗೆ ತನ್ನದೆಂಬುದು ಇನ್ನು ಒಂದು ಹನಿಯೂ ಬೀಳಬಾರದು ಎನ್ನಿಸಿತು. ಹಾಳೆಗಳನ್ನು ಬಿಟ್ಟು ಬಂದದ್ದೇ ಸಾಕು. ತೌಡಿನ ಮೆಟ್ಟಿಲುಗಳನ್ನು ಗೋಡೆ ಹಿಡಿದುಕೊಂಡು ಇಳಿದಳು. ಮೇಲೆ ಅವನು ಸ್ವಲ್ಪ ಹೊತ್ತು ಕಾದಿರಬೇಕು. ಆ ಮೆಟ್ಟಿಲನ್ನು ಕಳಕಮ್ಮ ಮತ್ತೆ ಹತ್ತಲಿಲ್ಲ.

ಬಸ್ ನಿಲ್ದಾಣ ಎಡಕ್ಕೆ, ದೂರ. ಅಲ್ಲಿಯವರೆಗೆ ಆಗುವುದಿಲ್ಲ ಎಂದು ಮೈಗೆ ಗೊತ್ತಿತ್ತು. ಬಲಕ್ಕೆ ತಿರುಗಿದಳು. ಗಿರಣಿಯ ಗೋಡೆ ಮುಗಿಯುತ್ತಿದ್ದಂತೆ ಊರೂ ಮುಗಿದು ಗದ್ದೆ ಸುರುವಾಯಿತು. ಮಧ್ಯಾಹ್ನದ ಬಿಸಿಲಿನಲ್ಲಿ ನೀರು ಬೆಳ್ಳಗೆ ಹೊಳೆಯುತ್ತಿತ್ತು, ನೆಲ ಯಾವುದು ಮುಗಿಲು ಯಾವುದು ಗೊತ್ತಾಗದ ಹಾಗೆ. ನಾಟಿ ಮಾಡುವ ಹೆಂಗಸರು ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದ್ದರು. ಇಸ್ತ್ರಿ ಸೀರೆಯುಟ್ಟು, ವ್ಯಾನಿಟಿ ಚೀಲ ಹಿಡಿದು, ಸಣ್ಣ ಸಣ್ಣ ಹೆಜ್ಜೆಯಿಡುತ್ತಾ ಬರುವವಳನ್ನು ಒಬ್ಬ ಹಿರಿಯಾಕೆ ನೋಡಿದಳು. ಮುಖ ನೋಡಲಿಲ್ಲ, ನಡಿಗೆ ನೋಡಿದಳು.

"ಏ, ಏಳ್ರೆ. ಅಡ್ಡ ನಿಂದರ್ರಿ, ಆಕಿಗೆ ಅವಸರ ಐತಿ," ಎಂದಳು, ಬಾಯಲ್ಲಿ ತುತ್ತು ಇಟ್ಟುಕೊಂಡೇ. "ಬಾ ಬೇ ಯವ್ವ. ಇಲ್ಲಿ, ಈ ಕಡಿ. ನಾಚಬ್ಯಾಡ, ಗಂಡಸ್ರು ಯಾರೂ ಇಲ್ಲ."

ಎಲ್ಲರೂ ಎದ್ದರು. ಕೆಸರು ಕೈಗಳಿಂದ ಸೆರಗು ಅಗಲಿಸಿ ಹಿಡಿದು, ಅವಳಿಗೆ ಬೆನ್ನು ಮಾಡಿ, ಕಮಾನಿನ ಹಾಗೆ ನಿಂತರು. ಕಳಕಮ್ಮ ಅವರ ನಡುವೆ ಕುಕ್ಕರಿಸಿದಳು. ಕಣ್ಣ ಮುಂದೆ ಬೆನ್ನುಗಳು. ಬೆವರಿಗೆ ಅಂಟಿದ ಕುಪ್ಪಸ, ಮೊಣಕಾಲವರೆಗೆ ಒಣಗಿದ ಕೆಸರು. ಮೈ ಸಡಿಲಾಯಿತು. ಎಷ್ಟೋ ಹೊತ್ತು ಆಯಿತು ಎನಿಸಿತು, ಅವರು ಅವಸರ ಮಾಡಲಿಲ್ಲ. ತಮ್ಮ ತಮ್ಮೊಳಗೆ ಯಾರದೋ ಮನೆಯ ಹೊಸ ಸೊಸೆ ಸಾರಿಗೆ ಉಪ್ಪು ಹಾಕುವುದನ್ನೇ ಮರೆತ ಮಾತಾಡುತ್ತಿದ್ದರು.

"ಯಾವೂರು ಬೇ ನಿಂದು?" ಎಂದಳು ಹಿರಿಯಾಕೆ, ತಿರುಗದೆ.

"ಬೇವೂ..." ಎಂದಳು ಕಳಕಮ್ಮ. ತನ್ನ ಊರು ಯಲಬುರ್ಗಾ ಎನ್ನಬೇಕಿತ್ತು. "ಬೇವೂರು."

"ಯಪ್ಪಾ, ಅಷ್ಟು ದೂರದಾಕಿ. ಮನಿ ಬಿಟ್ಟು ಬಂದೀಯೇನು ಹಿಂಗ?"

"ಹೊಸ್ತಿಲಾ ತುಳಿಬ್ಯಾಡ ಅಂದಾರ."

ಏನು ಅರ್ಥ ಮಾಡಿಕೊಂಡರೋ. ಕಿರಿಯಾಕೆಯೊಬ್ಬಳು ಹೇಳಿದಳು, "ತುಳಿಬ್ಯಾಡ. ಹೊರಗ ಕಟ್ಟಿ ಐತಲ್ಲ, ಅದರ ಮ್ಯಾಲ ಕುಂದ್ರು. ಎಷ್ಟು ದಿನ ಅಂತಾರ, ನೋಡಿಬಿಡು."

"ಹೌದು ಮತ್ತ. ಈಕಿ ಅತ್ತಿ ಮನಿ ಕಟ್ಟಿ ಮ್ಯಾಲ ಶ್ರಾವಣ ಪೂರ್ತಿ ಕುಂತಿದ್ಲು," ಎಂದಳು ಇನ್ನೊಬ್ಬಾಕೆ. ಎಲ್ಲರೂ ನಕ್ಕರು. ನಗುವಿಗೆ ಬೆನ್ನುಗಳು ಅಲುಗಿದವು, ಸೆರಗುಗಳು ಅಲುಗಿದವು, ಆದರೆ ಅಡ್ಡ ಹಿಡಿದ ಕೈಗಳನ್ನು ಯಾರೂ ಕೆಳಗೆ ಬಿಡಲಿಲ್ಲ.

ಚೀಲದೊಳಗೆ ಫೋನು ಬಡಿದುಕೊಳ್ಳತೊಡಗಿತು, ತಿರುಮಲೇಶನದೇ ಇರಬೇಕು. ಕಳಕಮ್ಮ ಎದ್ದಳು, ನಿರಿಗೆ ಕೊಡವಿಕೊಂಡಳು, "ಆಯ್ತು ಬೇ ಯವ್ವ," ಎಂದಳು. ಆಗ ಅವರು ತಿರುಗಿದರು. ತಿರುಗುವ ಹೊತ್ತಿಗೆ ಅವಳು ಆಗಲೇ ಬದುವಿನ ಮೇಲೆ ನಡೆಯುತ್ತಿದ್ದಳು, ಗಿರಣಿಗೆ ಬೆನ್ನು ಮಾಡಿ, ಗದ್ದೆಗಳನ್ನು ದಾಟಿ, ಬೇವೂರಿಗೆ ಮರಳುವ ಕೊಪ್ಪಳದ ರಸ್ತೆಯ ಕಡೆಗೆ. ಇಸ್ತ್ರಿ ಸೀರೆಯ ಅಂಚು ಕೆಸರಿನಲ್ಲಿ ಎಳೆದುಕೊಂಡು ಹೋಗುತ್ತಿತ್ತು. "ರೊಟ್ಟಿ ತಿಂದು ಹೋಗ ಬೇ," ಎಂದು ಯಾರೋ ಕೂಗಿದರು. ಕೈ ಎತ್ತಿ ಬೀಸಿದಳು, ನಿಲ್ಲಲಿಲ್ಲ.